ಐದು ಗಂಟೆಯ ಜ್ವರ

ಐದು ಹೊಡೆಯಿತೆಂದರೆ ಬಸವೇಶ್ವರಿ ಎದ್ದು ನಿಲ್ಲುತ್ತಿದ್ದಳು. ವಿಜಯಮಹಾಂತೇಶ ಅದನ್ನು ಏಳು ತಿಂಗಳಿಂದ ಗಮನಿಸುತ್ತ ಬಂದಿದ್ದ. ಅವನು ಗಮನಿಸುತ್ತಿದ್ದಾನೆಂಬುದು ಅವಳಿಗೂ ಗೊತ್ತಿತ್ತು.

ಅವಳು ಹುನಗುಂದದ ಪಶುವೈದ್ಯೆ. ಅವನು ಬಾಗಲಕೋಟೆಯ ಆರೋಗ್ಯ ಇಲಾಖೆಯಲ್ಲಿ ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡುವ ವೈದ್ಯ. ಕುರಿ, ಎಮ್ಮೆಗಳು ತಿಂಗಳು ತುಂಬುವ ಮೊದಲೇ ಕಂದು ಹಾಕುವ ರೋಗ ಹಸಿ ಹಾಲಿನಿಂದ, ಹೆರಿಗೆ ಮಾಡಿಸಿದ ಬರಿಗೈಯಿಂದ ಮನುಷ್ಯರಿಗೂ ದಾಟುತ್ತದೆಂದು ಅವಳು ಎರಡು ವರ್ಷ ಹಟ್ಟಿ ಹಟ್ಟಿ ತಿರುಗಿ ಕಂಡುಕೊಂಡಿದ್ದಳು. ಆ ಕೆಲಸವನ್ನು ಸರಕಾರಿ ಆದೇಶವಾಗಿಸಲು ಇಬ್ಬರೂ ಕೂಡಿ ಒಂದು ಕರಡು ಬರೆಯುತ್ತಿದ್ದರು. ಮರುದಿನ ಜಿಲ್ಲಾ ಸಭೆ. ಫೈಲು ಎರಡು ಸಲ ಮರಳಿ ಬಂದಿತ್ತು; ಮೂರನೆಯ ಸಲ ಬಂದರೆ ಅಲ್ಲಿಗೆ ಮುಗಿಯಿತು.

ಅಂದು ರಾಮಥಾಳ ಹಳ್ಳಿಯ ಆಲದ ಕೆಳಗೆ, ಎಮ್ಮೆ ಸಾಕಿದ್ದ ರಂಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತಲೆಯ ಮೇಲಿನ ಟೊಂಗೆಗಳಲ್ಲಿ ಗೋಣಿತಟ್ಟಿನ ಗಂಟುಗಳು ತೂಗುತ್ತಿದ್ದವು. ಎಮ್ಮೆ ಈದ ಮೇಲೆ ಬೀಳುವ ಮಾಸನ್ನು ಇಲ್ಲಿ ಕಟ್ಟುವುದು ವಾಡಿಕೆ. ಕಾಗೆ ಕುಕ್ಕಿದರೆ, ನಾಯಿ ಎಳೆದರೆ ರೋಗ ಊರೆಲ್ಲ ಸುತ್ತುತ್ತದೆ.

“ಹೂತ್ರ ಎಮ್ಮಿ ಹಾಲು ಬತ್ತತೈತ್ರೀ ಬಾಯಾರ. ಆಲದ ಟೊಂಗಿ ಮುರದ್ರ ಹಾಲು ಬರತೈತಿ. ಅದಕ್ಕ ಇಲ್ಲೇ ಕಟ್ಟತೀವಿ. ನೀವು ಏನರ ಬರಕೋರಿ.”

ಬಸವೇಶ್ವರಿಗೆ ವಾದಿಸುವ ಕಸುವಿರಲಿಲ್ಲ. ಕೀಲುಗಳು ಆಗಲೇ ನೋಯತೊಡಗಿದ್ದವು. ವಿಜಯಮಹಾಂತೇಶ ಮಾತ್ರ ಮರವನ್ನೇ ನೋಡುತ್ತ, ಮನೆಯ ಮಾತು ಆಡುವವನಂತೆ ಕೇಳಿದ:

“ಆ ಹಾಲು ಬರೇ ಟೊಂಗ್ಯಾಗ ಇರತೈತೇನವ್ವಾ? ಬೇರಿನಾಗ?”

“ಬೇರಿನಿಂದನ ಮ್ಯಾಲ ಏರೋದಲ್ರಿ.”

“ಹಂಗಾರ ಬುಡದಾಗ ಆಳಕ ತಗ್ಗು ತೋಡಿ, ಸುಣ್ಣಾ ಹಾಕಿ, ಗಿಡಕ್ಕ ಒಪ್ಪಿಸಿದ್ರ?”

ರಂಗವ್ವ ಬೇರನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. “ಇದನ್ನ ಮದಲ ಹೇಳಬೇಕಿಲ್ಲೇನು? ಬಂದಾಗೊಮ್ಮೆ ಬರೇ ಬೈದು ಹೋಗ್ತೀರಿ.”

ಅವನು ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತು, ಮೊಣಕಾಲ ಮೇಲೆ ಕರಡನ್ನಿಟ್ಟು, ‘ಮರಕ್ಕೆ ಕಟ್ಟುವುದನ್ನು ನಿಷೇಧಿಸಲಾಗಿದೆ’ ಎಂಬ ಸಾಲನ್ನು ಹೊಡೆದುಹಾಕಿದ. ‘ಮರದ ಬುಡದಲ್ಲಿ ಹೂಳಬೇಕು’ ಎಂದು ಬರೆದ. ಹಣೆಗೆ ಬಿದ್ದ ಕೂದಲನ್ನು ಪೆನ್ನಿನ ತುದಿಯಿಂದಲೇ ಸರಿಸಿಕೊಂಡು ತಲೆಯೆತ್ತಿದಾಗ ಅವಳ ನೋಟ ಸಿಕ್ಕಿಬಿದ್ದಿತು. ಅವಳು ಪಕ್ಕದಲ್ಲಿ ಕಟ್ಟಿದ್ದ ಎಮ್ಮೆಯ ಕಡೆ ತಿರುಗಿದಳು.

ಐದಾಯಿತು. ಅವಳು ಚೀಲ ಹೆಗಲಿಗೇರಿಸಿದಳು.

“ಹುನಗುಂದದಾಗ ಒಂದು ಕಪ್ ಚಹಾ ಕುಡದು ಹೋಗಬಹುದಲ್ರಿ ಡಾಕ್ಟ್ರ. ಯಾರರ ಕಾಯ್ತಿರ್ತಾರೇನು?” ಎಂದ ವಿಜಯಮಹಾಂತೇಶ.

“ಹೂಂ ಅನ್ಕೋರಿ.”

ಅವನು ನಕ್ಕ, ಆದರೆ ಆ ನಗು ಕಣ್ಣಿನವರೆಗೆ ಏರಲಿಲ್ಲ. ಯಾವನೋ ಒಬ್ಬನಿದ್ದಾನೆ ಎಂದುಕೊಂಡಿರಬೇಕು. ಅವಳು ತಿದ್ದಲಿಲ್ಲ.

ಕಾಯುತ್ತಿದ್ದುದು ಜ್ವರ. ಅದೇ ರೋಗ, ಯಾವುದೋ ಹಟ್ಟಿಯಲ್ಲಿ ಹರಿದ ಕೈಗವಸಿನೊಳಗಿಂದ ಬಂದದ್ದು. ಔಷಧಿ ಹತ್ತು ದಿನ ನುಂಗಿ, ಜ್ವರ ಇಳಿದಂತಾದಾಗ ತಿರುಗಾಟದಲ್ಲಿ ಮರೆತಿದ್ದಳು. ಕುರಿಗಾರರನ್ನು ಯಾವ ತಪ್ಪಿಗೆ ಬೈಯುತ್ತಿದ್ದಳೋ ಅದನ್ನೇ ತಾನೂ ಮಾಡಿದ್ದಳು. ಇದೇ ಜ್ವರದ ಸೊಸೆಯೊಬ್ಬಳನ್ನು ಗಂಡನ ಮನೆಯವರು ತವರಿಗೆ ಕಳಿಸಿದ್ದನ್ನು ಕಂಡವಳು. ಹೀಗಾಗಿ ಯಾರಿಗೂ ಹೇಳಿರಲಿಲ್ಲ. ಇವನಿಗಂತೂ ಹೇಳುವುದು ಬೇಡವೆಂದಿದ್ದಳು.

ಬಾಡಿಗೆಯ ಕೋಣೆಯಲ್ಲಿ ಮುಖ ತೊಳೆದು ಪೂಜೆಗೆ ಕೂತಳು. ಅಂಗೈಯ ಬಿಸಿಗೆ ಅಂಗೈಯ ಲಿಂಗವೂ ಬೆಚ್ಚಗಾಯಿತು. ನಿನಗೊಬ್ಬನಿಗೇ ಗೊತ್ತು ತಂದೆ, ಎಂದುಕೊಂಡಳು. ಅಷ್ಟಕ್ಕೇ ದಣಿವು ಅವಳನ್ನು ಗೋಡೆಗೆ ಒರಗಿಸಿತು.

ಮರುದಿನದ ಸಭೆಯಲ್ಲಿ ಹಿರಿಯ ಅಧಿಕಾರಿ ಕರಡನ್ನು ಸಮಾಧಾನದಿಂದ ಓದಿದರು. “ಕೆಲಸ ಚಲೋ ಐತಿ. ಆದ್ರ ಈ ಮೂವತ್ತೊಂದು ರಕ್ತದ ರಿಪೋರ್ಟಿನಾಗ ಒಂದರ ಮ್ಯಾಲೂ ಹೆಸರಿಲ್ಲಲ್ರಿ?”

“ಹೆಸರು ಹೊರಗ ಬಿದ್ರ ಅವರ ಹಾಲು ಯಾರೂ ಕೊಳ್ಳಂಗಿಲ್ರಿ ಸರ. ನಾ ಮಾತು ಕೊಟ್ಟೇನಿ,” ಎಂದಳು ಬಸವೇಶ್ವರಿ.

“ಹೆಸರಿಲ್ಲದ್ದು ದಾಖಲೆ ಹೆಂಗಾಗತೈತ್ರಿ? ಒಂದರ ಬೇಕು.”

ಅವಳ ಪಕ್ಕ ಕೂತಿದ್ದ ವಿಜಯಮಹಾಂತೇಶ ಆ ಆಕ್ಷೇಪಣೆಯನ್ನು ಬರೆದುಕೊಳ್ಳತೊಡಗಿದ. ಅಧಿಕಾರಿಯ ಕೈ ಫೈಲಿನ ದಾರದತ್ತ ಹೋಯಿತು. ಮೂವತ್ತೊಂದು ಮನೆಗಳು ಈ ಜ್ವರವನ್ನು ಟೈಫಾಯಿಡೆಂದೇ ತಿಳಿದು ಮತ್ತೆ ಅದರ ಮಾತ್ರೆ ನುಂಗುತ್ತ ಕೂರುತ್ತವೆ ಎಂಬುದು ಅವಳ ಕಣ್ಣ ಮುಂದೆ ಬಂತು. ಚೀಲದ ಒಳಜೇಬಿನಿಂದ, ನಾಲ್ಕು ಮಡಿಕೆಯಾಗಿದ್ದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು.

ಅವರು ಓದಿ, ಕನ್ನಡಕದ ಮೇಲಿಂದ ನೋಡಿದರು. “ಇದು ನಿಮ್ಮ ಹೆಸರಲ್ಲೇನ್ರಿ?”

“ಹೌದ್ರಿ.”

ಪಕ್ಕದಲ್ಲಿ ಕೂತವನ ಪೆನ್ನು ನಿಂತಿತು. ಅವಳು ಆ ಕಡೆ ನೋಡಲಿಲ್ಲ.

ಹುನಗುಂದ ತಾಲೂಕಿನಲ್ಲಿ ಒಂದು ವರ್ಷದ ಮಟ್ಟಿಗೆ ಆದೇಶಕ್ಕೆ ಒಪ್ಪಿಗೆ ಸಿಕ್ಕಿತು. ಯಾವ ಮನೆಯ ದನ ಕಂದು ಹಾಕುತ್ತದೋ ಆ ಮನೆಯವರಿಗೆ ಅದೇ ವಾರ ಪರೀಕ್ಷೆ; ಹೆಸರು ಇಲಾಖೆಯ ಹೊರಗೆ ಹೋಗುವಂತಿಲ್ಲ. ದೊಡ್ಡದೇನಲ್ಲ. ಆದರೆ ಒಪ್ಪಿಗೆಯೇ.

ಸಂಜೆ ಅವನ ಕಚೇರಿಯಲ್ಲಿ ಮೊದಲ ರೋಗಿಯಾದ ಅವಳ ಫಾರ್ಮು ತುಂಬಬೇಕಾಯಿತು. ಅವನು ಎದುರು ಕೂತು, ತಲೆ ತಗ್ಗಿಸಿ ಬರೆಯುತ್ತಿದ್ದ.

“ಜ್ವರ ಯಾವಾಗ ಬರತೈತ್ರಿ?”

“ಐದಕ್ಕ.”

ಪೆನ್ನು ಎತ್ತಿ ಅವಳನ್ನು ನೋಡಿದ. ಏಳು ತಿಂಗಳ ಸಂಜೆಗಳೆಲ್ಲ ಒಂದೊಂದಾಗಿ ಅವನ ಮುಖದಲ್ಲಿ ಹಾದುಹೋದವು.

“ಕಾಯ್ತಿದ್ದಿದ್ದು ಇದೇನ್ರಿ?”

“ಇದ.”

“ಮತ್ತ ಯಾರೂ ಇಲ್ಲ?”

“ಫಾರ್ಮಿನಾಗ ಅದಕ್ಕೂ ಒಂದು ಕಾಲಂ ಐತೇನ್ರಿ?”

“ಐತ್ರಿ. ಹನ್ನೊಂದನೇದು. ಆರು ವಾರ ದಿನಾ ಮಾತ್ರಿ ನುಂಗಿಸೋರ ಹೆಸರು. ‘ಮನೆಯವರೇ ಆಗಿರಬೇಕು’.”

ಆ ಸಾಲನ್ನು ಬರೆಸಿದವಳು ಅವಳೇ. ಮನೆಯವರು ಕೂತು ನುಂಗಿಸದಿದ್ದರೆ ಜ್ವರ ಇಳಿದ ದಿನವೇ ಜನ ಮಾತ್ರೆ ಬಿಡುತ್ತಾರೆ ಎಂದು ಜಗಳವಾಡಿ ಸೇರಿಸಿದ್ದಳು.

“ನನ್ನ ಕೋಣ್ಯಾಗ ನಾನೊಬ್ಬಾಕಿನ,” ಎಂದಳು. “ಖಾಲಿ ಬಿಡ್ರಿ.”

“ಖಾಲಿ ಬಿಟ್ಟ ಫಾರ್ಮು ತಗೋಬ್ಯಾಡ್ರಿ ಅಂತ ಹೇಳಿದಾಕಿನೂ ನೀವ.” ಅವನ ದನಿ ತಗ್ಗಿತು. “ನಂದು ಬರೀಲೇನು?”

“ಮನಿಯವರ ಆಗಿರಬೇಕಲ್ರಿ.”

“ಆರು ವಾರ ಟೈಮ್ ಐತಲ್ರಿ.”

ಅವಳು ಫಾರ್ಮನ್ನು ತನ್ನ ಕಡೆಗೆ ಎಳೆದುಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದಳು. “ಈ ರೋಗದ ಬಗ್ಗೆ ನಿಮಗ ಎಲ್ಲಾ ಗೊತ್ತೈತಿ,” ಎಂದಳು. “ಒಮ್ಮೊಮ್ಮೆ ಮರಳಿ ಬರತೈತಿ.”

“ಬರ್ಲಿ. ಐದಕ್ಕ ನಾನೂ ಮನ್ಯಾಗ ಇರ್ತೇನಿ.”

ಗಡಿಯಾರ ಐದು ದಾಟಿತ್ತು. ಮೈ ಕಾಯತೊಡಗಿತ್ತು, ಅವಳು ಏಳಲಿಲ್ಲ. ಫಾರ್ಮನ್ನು ಒಂದು ಬೆರಳಿನಿಂದ ಅವನ ಕಡೆಗೆ ಸರಿಸಿದಳು.

“ಪೂರ್ತಿ ಹೆಸರು ಬರೀರಿ,” ಎಂದಳು. “ಆಮ್ಯಾಲ ಚಹಾ ಹೇಳ್ರಿ.”