ಲಿಯೋಟಾ ಜನರಲ್ ಆದ ದಿನ

"ಅಲ್ಲಾಡಬೇಡ್ವೇ, ಗಡ್ಡ ಕಿತ್ಕೊಂಡು ಬರುತ್ತೆ," ಎನ್ನುತ್ತಾ ವರ್ಲೀನ್ ಗೆಳತಿಯ ಗಲ್ಲಕ್ಕೆ ಕಂದು ಉಣ್ಣೆ ಅಂಟಿಸಿದಳು.

ಲಿಯೋಟಾ ಅಲ್ಲಾಡದೆ ಇರುವುದಾದರೂ ಹೇಗೆ? ಬಾಗಿಲ ಕಡೆಗೇ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದಳು.

ಐದನೇ ಕ್ಲಾಸಿನವರೆಲ್ಲ ಇಂದು ಮೇಣದ ಗೊಂಬೆಗಳು. ಒಬ್ಬೊಬ್ಬರಿಗೆ ಹಳೆಯ ಕಾಲದ ಒಬ್ಬೊಬ್ಬರ ವೇಷ. ಎದುರಿಗೆ ನೆಲದ ಮೇಲೆ ಕೆಂಪು ಕಾಗದದ ಬಟನ್. ನೋಡಲು ಬಂದವರು ಅದನ್ನು ತುಳಿದರೆ ಗೊಂಬೆ ತನ್ನ ಕತೆ ಹೇಳಬೇಕು. ಲಿಯೋಟಾ ಎತ್ತಿದ ಚೀಟಿಯಲ್ಲಿ ಬಂದದ್ದು ಜನರಲ್ ಶರ್ಮನ್. ಜಾರ್ಜಿಯಾದಲ್ಲಿ ಅದಕ್ಕಿಂತ ಕೆಟ್ಟ ಚೀಟಿ ಇರಲಾರದು.

ನೂರೈವತ್ತು ವರ್ಷಕ್ಕೂ ಹಿಂದೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳು ಗುಲಾಮಗಿರಿಯ ವಿಷಯಕ್ಕೆ ಯುದ್ಧ ಮಾಡಿದ್ದವು. ದಕ್ಷಿಣದ ಜಾರ್ಜಿಯಾಕ್ಕೆ ಆತ ಉತ್ತರದ ಸೈನ್ಯ ತಂದಾಗ ಲಿಯೋಟಾಳ ಪರ್ವಿಸ್ ಮನೆತನದ ಹಿರಿಯರ ಮನೆ, ಕಣಜ ಎಲ್ಲ ಬೂದಿಯಾಗಿತ್ತಂತೆ. ತಾತನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

"ಆ ಬೆಂಕಿ ಇಟ್ಟವನ ವೇಷ ಹಾಕ್ತೀಯಾ? ನಾನೂ ಬರ್ತೀನಿ. ನನ್ನ ಮುಖ ನೋಡ್ಕೊಂಡು ಹೇಳು, ನೋಡೋಣ," ಅಂದಿದ್ದರು.

ತಾತ ಎಂದರೆ ಅವಳಿಗೆ ಪ್ರಾಣ. ಅವರು ಮಾತು ಬಿಟ್ಟರೆ ಏನು ಮಾಡುವುದು? ಸುಟ್ಟದ್ದನ್ನೇ ಹಾರಿಸಿ ಹೇಳಿಬಿಡಲೇ?

ಮೊದಲು ಬಟನ್ ತುಳಿದವರು ವರ್ಲೀನಳ ಅಜ್ಜಿ, ಮಿಸ್ ಅರ್ನೆಟಾ. ಲಿಯೋಟಾ ಸುಟ್ಟದ್ದನ್ನು ಹಾರಿಸಿಯೇ ಹೇಳಿದಳು. "ನಾನು ಜನರಲ್ ಶರ್ಮನ್. ರೈಲು ಹಳಿ ಕೀಳಿಸಿದೆ. ಗುಲಾಮರಾಗಿದ್ದವರು ಬಿಡುಗಡೆಯಾಗಿ ನನ್ನ ಸೈನ್ಯದ ಹಿಂದೆ ನಡೆದರು."

"ನಮ್ಮಜ್ಜಿಯ ಅಜ್ಜೀನೂ ನಡೆದ್ಲು, ಮಗಾ. ಹೊಳೆ ಹತ್ರ ಆಗಿದ್ದನ್ನ ಯಾಕೆ ಬಿಟ್ಟೆ?"

"ಏನಾಯ್ತು?" ಗೊಂಬೆ ಪ್ರಶ್ನೆ ಕೇಳಬಾರದು ಎಂಬುದೇ ಲಿಯೋಟಾಗೆ ಮರೆತುಹೋಯಿತು.

"ಸೈನ್ಯ ದಾಟಿದ್ಮೇಲೆ, ದೋಣಿ ಜೋಡಿಸಿ ಕಟ್ಟಿದ್ದ ಸೇತುವೇನ ಶರ್ಮನ್ ಕೈಕೆಳಗಿನ ಜನರಲ್ ಒಬ್ಬ ಎತ್ತಿಸಿಬಿಟ್ಟ. ನಮ್ಮೋರು ಆ ದಡದಲ್ಲೇ ಉಳಿದ್ರು. ಹಿಂದಿಂದ ದಕ್ಷಿಣದ ಕುದುರೆ ಸವಾರರು ಬರ್ತಿದ್ರು. ನಮ್ಮೋರು ಹೆದರಿ ನೀರಿಗೆ ಹಾರಿದ್ರು, ಎಷ್ಟೋ ಜನ ಮುಳುಗಿದ್ರು."

"ಹಾಗಾದ್ರೆ ಶರ್ಮನ್ ಕೆಟ್ಟವನಾ?"

"ಆಮೇಲೆ ಆ ಜನರಲ್ ಪರವಾಗೇ ಮಾತಾಡ್ದ. ಆದ್ರೆ ಅವನು ಬರದಿದ್ರೆ ನಮ್ಮಜ್ಜಿಯ ಅಜ್ಜಿ ಮಾರಾಟದ ಸಾಮಾನಾಗೇ ಇರ್ತಿದ್ಲು. ಹೇಳೋದಾದ್ರೆ ಎಲ್ಲ ಹೇಳು."

ಅಷ್ಟರಲ್ಲಿ ತಾತ ಬಂದೇಬಿಟ್ಟರು. ಅವರ ಬೂಟು ಬಟನ್ ಮೇಲೆ ಬಿತ್ತು.

ಲಿಯೋಟಾ ಅವರ ಮುಖವನ್ನೇ ನೋಡಿದಳು.

"ನಾನು ಜನರಲ್ ಶರ್ಮನ್. ಕಣಜ ಸುಡಿಸಿದೆ. ಪರ್ವಿಸ್ ಮನೆಯವರದನ್ನೂ ಸುಡಿಸಿದೆ. ಗುಲಾಮರಾಗಿದ್ದವರು ನನ್ನನ್ನು ನಂಬಿ ಹಿಂದೆ ಬಂದರು. ನನ್ನ ಕೈಕೆಳಗಿನ ಜನರಲ್ ಅವರು ದಾಟುವ ಮೊದಲೇ ಸೇತುವೆ ಎತ್ತಿಸಿದ. ನಾನು ಅವನ ಪರವಾಗಿಯೇ ಮಾತಾಡಿದೆ."

ತಾತನ ಕಿವಿ ಕೆಂಪಾಯಿತು. "ಸೇತುವೆ ವಿಷಯ ಯಾರು ಹೇಳ್ಕೊಟ್ಟಿದ್ದು?"

"ನಾನೇ, ಮಿಸ್ಟರ್ ಪರ್ವಿಸ್," ಎಂದರು ಮಿಸ್ ಅರ್ನೆಟಾ.

"ನಮ್ಮನೇಲಿ ಯಾರೂ ಹೇಳಿಲ್ಲ."

"ನಿಮ್ಮನೇಲಿ ಹೇಗೆ ಹೇಳ್ತಾರೆ? ಮುಳುಗಿದ್ದು ನಮ್ಮೋರು. ನಮ್ಮಜ್ಜಿಯ ಅಜ್ಜೀನೂ ಆ ದಡದಲ್ಲೇ ಇದ್ಲು."

ತಾತ ಏನಾದರೂ ಬಿರುಸಾಗಿ ಅಂದುಬಿಡುತ್ತಾರೆಂದು ಲಿಯೋಟಾ ಉಸಿರು ಬಿಗಿಹಿಡಿದಳು. ಅವರು ಮಿಸ್ ಅರ್ನೆಟಾ ಕಡೆ ತಿರುಗಿದರು.

"ನಿಮ್ಮಜ್ಜಿಯ ಅಜ್ಜಿ ದಾಟಿದ್ರಾ?"

"ಅವಳು ದಾಟಿದ್ಲು. ತಮ್ಮನ ಕೈ ಮಾತ್ರ ಜಾರಿಹೋಯ್ತು."

ತಾತ ನಿಧಾನವಾಗಿ ಟೋಪಿ ತೆಗೆದರು.

ಆ ವರ್ಷ ಕಳೆದುಕೊಂಡವರೆಂದರೆ ತಮ್ಮ ಮನೆಯವರು ಮಾತ್ರ ಎಂದು ಲಿಯೋಟಾ ಇಲ್ಲಿಯವರೆಗೆ ತಿಳಿದಿದ್ದಳು. ತಾತನ ಮುಖ ನೋಡಿದರೆ, ಅವರೂ ಹಾಗೆಯೇ ತಿಳಿದಿದ್ದರು ಎನಿಸಿತು.