ಒಂದು ಗೇಣು ಬಿಟ್ಟ ಜಾಗ

"ಅಯ್ಯೋ! ಏನ್ ಮಾಡ್ತಿದ್ದೀರಿ ನೀವು?!"

ಬ್ರಿಟಾ ಕೂಗಿದರೂ ಆ ಮನುಷ್ಯ ತಿರುಗಿ ನೋಡಲಿಲ್ಲ. ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅವಳ ಟ್ರೈಲರಿನ ಗೋಡೆಯೊಳಗೆ ಹಿಡಿಯವರೆಗೂ ಇಳಿದುಹೋಗಿತ್ತು. ಕಾಫಿಯಲ್ಲಿ ಅದ್ದಿದ ರಸ್ಕಿಗೆ ಬೆರಳು ಇಳಿದ ಹಾಗೆ... ಸದ್ದೇ ಇಲ್ಲದೆ!

"ತೋರಿಸ್ತಿದ್ದೀನಿ ಅಷ್ಟೆ," ಅಂದ ಅವನು. "ಇಲ್ಲಿ ಮರ ಇಲ್ಲ ಮೇಡಂ. ಮರ ಇತ್ತು ಅನ್ನೋ ನೆನಪಿದೆ."

ಸ್ಕ್ರೂಡ್ರೈವರ್ ಎಳೆದಾಗ ಕಂದು ನೀರು ತೊಟ್ಟಿಕ್ಕಿ ಅವಳ ಬೂಟಿನ ಮೇಲೆ ಬಿತ್ತು.

ಅವನು ಎಮೆಟ್ ಕೊಸ್ಕಿ. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಅಲೆಯುವ ಇಂಥ ಹಳೇ ಚಕ್ರದ ಮನೆಗಳನ್ನು ರಿಪೇರಿ ಮಾಡುವವನು ವಿಸ್ಕಾನ್ಸಿನ್ನಿನ ಆ ಉತ್ತರದ ಮೂಲೆಯಲ್ಲಿ ಅವನೊಬ್ಬನೇ. ನಲವತ್ತೈದರ ಆಸುಪಾಸು. ದಣಿದ ಕಣ್ಣು. ಅಂಟು ಮೆತ್ತಿದ ಬೆರಳು.

ಏಣಿ ಹತ್ತಿ ಸೂರು ನೋಡಿದವನೇ ತಲೆ ಚಚ್ಚಿಕೊಂಡ.

"ಯಾವ ಪೆದ್ದು ಮುಂಡೇದು ಈ ಸಿಲಿಕೋನ್ ಅಂಟು ಬಳಿದಿದ್ದು? ಒಂದರ ಮೇಲೊಂದು ಆರು ಪದರ! ನೀರು ಒಳಗೆ ಬರೋ ದಾರಿ ಹಾಗೇ ಇದೆ. ಕೆಳಗಿಂದ ಆಚೆ ಹೋಗೋ ದಾರೀನ ಮಾತ್ರ ಭದ್ರವಾಗಿ ಮುಚ್ಚಿಟ್ಟಿದ್ದಾರೆ. ಒಳಗೇ ನಿಂತು ನಿಂತು ಎಲ್ಲ ಕೊಳೆತಿದೆ."

"ನಾನೇ," ಅಂದಳು ಬ್ರಿಟಾ.

ಎಮೆಟ್‌ನ ಕೈ ಏಣಿಯ ಮೇಲೆ ನಿಂತುಬಿಟ್ಟಿತು.

ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರಸ್ಕ್ ಅದ್ದುತ್ತಿದ್ದ ಮುದುಕ ಕಿಸಕ್ಕನೆ ನಕ್ಕ. ಎಮೆಟ್‌ನ ಚಿಕ್ಕಪ್ಪ ಟೊಯಿವೊ. "ಚುಚ್ಚೋ, ಇನ್ನೂ ಆಳಕ್ಕೆ ಚುಚ್ಚು! ನೀನು ಬಾಯಿ ಬಿಡೋದೇ ವರ್ಷಕ್ಕೊಂದ್ಸಲ, ಬಿಟ್ಟಾಗ ಹಿಂಗೆ!"

ಬ್ರಿಟಾಗೆ ಕೋಪ ಬರಲಿಲ್ಲ. ಕೋಪಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ...

ಆರು ವರ್ಷ ಅಮ್ಮ ಹಾಸಿಗೆ ಹಿಡಿದಿದ್ದಳು. ಹಾಸಿಗೆಯಿಂದ ಕಿಟಕಿಯಾಚೆ ಕಾಣುತ್ತಿದ್ದದ್ದು ಇದೊಂದೇ. ಅಪ್ಪ ಕೊಂಡ ಟ್ರೈಲರ್, ಇದರಲ್ಲೇ ಮೂವರೂ ಕೆರೆ ಕೆರೆ ಸುತ್ತಿ ಮೀನು ಹಿಡಿದದ್ದು. ಪ್ರತಿ ವಸಂತದಲ್ಲೂ ಅಮ್ಮ ಕೇಳುತ್ತಿದ್ದಳು, "ಅದು ಸೋರ್ತಿಲ್ಲ ತಾನೇ?" "ಇಲ್ಲಮ್ಮ," ಅನ್ನುತ್ತಿದ್ದಳು ಬ್ರಿಟಾ. ಆಮೇಲೆ ಏಣಿ ಹತ್ತಿ ಕೈಗೆ ಸಿಕ್ಕಿದ ಬಿರುಕಿಗೆಲ್ಲ ಸಿಲಿಕೋನ್ ಬಳಿಯುತ್ತಿದ್ದಳು. ಬೆಳಿಗ್ಗೆ ಶಾಲೆಯ ಅಡುಗೆಮನೆ, ಉಳಿದ ಹೊತ್ತೆಲ್ಲ ಅಮ್ಮನ ಕೋಣೆ. ಮೂವತ್ತೆಂಟು ಯಾವಾಗ ತುಂಬಿತೋ ಅವಳಿಗೇ ಗೊತ್ತಾಗಲಿಲ್ಲ.

ಮಾರ್ಚಿನಲ್ಲಿ ಅಮ್ಮ ಹೋದಳು. ಬಾಡಿಗೆ ಮನೆಯನ್ನು ಅಕ್ಟೋಬರ್ ಕೊನೆಗೆ ಬಿಡಬೇಕು.

"ನವೆಂಬರ್ ಒಂದಕ್ಕೆ ನಾನು ಅರಿಝೋನಾದಲ್ಲಿರಬೇಕು," ಅಂದಳು. "ಅಲ್ಲಿ ಮರುಭೂಮೀಲಿ ಟೆಂಟ್ ಹಾಕೋರಿಗೆ ಅಂತ ಒಂದು ತಾಣ ಇದೆ. ನಮ್ಮ ಟ್ರೈಲರಲ್ಲೇ ಇದ್ದು ಅದನ್ನ ನೋಡ್ಕೋಬೇಕು. ಒಂದು ದಿನ ತಡ ಆದ್ರೂ ಆ ಕೆಲಸ ಬೇರೆಯವರಿಗೆ ಕೊಟ್ಟುಬಿಡ್ತಾರೆ. ಆಗತ್ತಾ?"

"ಅಲ್ಲೇನಿದೆ?"

"ಬಿಸಿಲು." ಸ್ವಲ್ಪ ತಡೆದು ಹೇಳಿದಳು, "ಪಕ್ಕದ ರೂಮಿಂದ ಯಾರೂ ಕರೆಯದೆ ಇರೋ ಒಂದು ಚಳಿಗಾಲ."

ಎಮೆಟ್ ಸೂರನ್ನು ಇನ್ನೊಮ್ಮೆ ನೋಡಿದ. "ಆಗತ್ತೆ," ಅಂದ.

ಬೇಸಿಗೆಯಲ್ಲಿ ಶಾಲೆಗೆ ರಜೆ. ಬ್ರಿಟಾ ದಿನಾ ಬರತೊಡಗಿದಳು.

ತಗಡು ಬಿಚ್ಚಿದಾಗ ಅವಳ ಕಣ್ಣು ತುಂಬಿತು. ಪಕ್ಕೆಲುಬಿನಂಥ ಮರದ ಪಟ್ಟಿಗಳೆಲ್ಲ ಕಪ್ಪಾಗಿ, ಮುಟ್ಟಿದರೆ ಉದುರುತ್ತಿದ್ದವು. ಅವನ್ನು ಬಾಚಿ ಕಸದ ಡಬ್ಬಿಗೆ ಹಾಕಹೊರಟವಳ ಕೈಯನ್ನು ಎಮೆಟ್ ತಟ್ಟನೆ ಹಿಡಿದ.

"ಎಸೀಬೇಡಿ! ಹೊಸದಕ್ಕೆ ಅಳತೆ ಕೊಡೋದೇ ಇದು."

ಕೊಳೆತ ತುಂಡುಗಳನ್ನು ಹೊಸ ಹಲಗೆಯ ಮೇಲೆ ಒಂದೊಂದಾಗಿ ಜೋಡಿಸಿದ. ಉದುರಿಹೋದ ಕಡೆ ಅಂದಾಜಿನಲ್ಲಿ ಪೆನ್ಸಿಲ್ ಓಡಿಸಿದ. ಎಲ್ಲ ಒಂದೇ ಕೈಯಲ್ಲಿ; ಇನ್ನೊಂದು ಕೈ ಅವಳ ಕೈಯನ್ನು ಬಿಡಲು ಮರೆತಿತ್ತು. ಅವಳೂ ನೆನಪಿಸಲಿಲ್ಲ...

ಅಪರೂಪಕ್ಕೆ ಮಾತಾಡುತ್ತಿದ್ದರು. ಹೆಂಡತಿ ಬಿಟ್ಟುಹೋಗಿ ಒಂಬತ್ತು ವರ್ಷ ಅಂತ ಒಂದು ದಿನ ಹೇಳಿದ. ಚಳಿಗೆ ಅಂಟು ಹಿಡಿಯಲ್ಲ, ಹಿಮ ಬಿದ್ದ ಮೇಲೆ ಶೆಡ್ ಮುಚ್ಚುತ್ತೇನೆ ಅಂತ ಇನ್ನೊಂದು ದಿನ.

"ಮುಚ್ಚಿ ಏನ್ ಮಾಡ್ತೀರಿ?"

"ಏನಿಲ್ಲ. ಏಪ್ರಿಲ್‌ಗೆ ಕಾಯ್ತೀನಿ."

ಅರಿಝೋನಾದವರು ಕಳಿಸಿದ ಅರ್ಜಿಯನ್ನು ಅವಳು ತುಂಬಿದ್ದು ಅಲ್ಲೇ, ಗರಗಸದ ಮೇಜಿನ ಮೇಲೆ. ಇಬ್ಬರ ಹೆಸರಿಗೆ ಜಾಗವಿತ್ತು. ಸಾಮಾನ್ಯವಾಗಿ ಜೋಡಿಗಳೇ ಹೋಗುವ ಕೆಲಸ. ಎರಡನೇ ಗೆರೆ ಖಾಲಿ ಬಿಟ್ಟಳು. ಎಮೆಟ್ ಅದನ್ನು ನೋಡಿದ. ಏನೂ ಹೇಳದೆ ಎದ್ದುಹೋದ.

'ಹೇಳೋದಕ್ಕೆ ಏನಿದೆ ಪಾಪ? ನಾನು ಒಬ್ಬ ಗಿರಾಕಿ, ಅಷ್ಟೇ ತಾನೇ...' ಅಂದುಕೊಂಡಳು.

ಅಕ್ಟೋಬರ್ ಮೊದಲ ವಾರ ನೀರಿನ ಪರೀಕ್ಷೆ. ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಹೊಡೆಯಬೇಕು, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂತು ನೋಡಬೇಕು. ಎಮೆಟ್ ಏಣಿಯ ಮೇಲೆ, ಬ್ರಿಟಾ ಒಳಗೆ. ತಗಡಿನ ಮೇಲೆ ನೀರಿನ ಅಬ್ಬರ! ಹೊಸ ಮರದ ಘಮ. ಸೂರು ಒಣಗಿತ್ತು, ಕಿಟಕಿ ಒಣಗಿತ್ತು...

ಮುಂದಿನ ಬಲ ಮೂಲೆಯಲ್ಲಿ ಒಂದು ಹನಿ ಹೊಳೆಯಿತು.

"ಸೋರ್ತಿದೆ!"

"ಒಂದು ವಾರ ಕೊಡಿ," ಅಂದ ಎಮೆಟ್. ಅವಳ ಮುಖ ನೋಡಲಿಲ್ಲ.

ವಾರದ ನಂತರ ಮತ್ತೆ ಅದೇ ಮೂಲೆ. ಅದರಾಚೆ ವಾರವೂ ಅದೇ ಹನಿ.

ಬ್ರಿಟಾ ಒಳಗೇ ನೆಲದ ಮೇಲೆ ಕುಸಿದಳು. 'ನಾನು ಮುಟ್ಟಿದ್ದೆಲ್ಲ ಕೊಳೆಯತ್ತೆ. ಇದು ನನ್ನ ಹಣೆಬರಹ.' ಮನೆಗೆ ಹೋಗಿ, ಬರಲಾಗುವುದಿಲ್ಲ, ಕ್ಷಮಿಸಿ, ಅಂತ ಅರಿಝೋನಾಗೆ ಕಾಗದ ಬರೆದಳು. ಲಕೋಟೆ ಅಂಟಿಸಿ ಚೀಲದಲ್ಲಿಟ್ಟುಕೊಂಡಳು.

ಮರುದಿನ ಶೆಡ್ಡಿಗೆ ಬಂದಾಗ ಎಮೆಟ್ ಇರಲಿಲ್ಲ, ಸಾಮಾನು ತರಲು ಹೋಗಿದ್ದ. ಟೊಯಿವೊ ಮಾತ್ರ ಕುರ್ಚಿಯಲ್ಲಿದ್ದ.

"ಇದು ಸರಿ ಹೋಗಲ್ಲ ಅಜ್ಜ. ನಾನು ಅಲ್ಲಿಗೆ ಹೋಗಲ್ಲ ಅಂತ ಬರೆದುಬಿಟ್ಟೆ."

ಮುದುಕನ ರಸ್ಕ್ ಕಪ್ಪಿನಲ್ಲೇ ಕರಗಿಹೋಯಿತು. "ಸರಿ ಹೋಗಲ್ವಾ? ನೋಡು ಹುಡುಗಿ, ಎಮೆಟ್‌ಗೆ ಕುಣಿಯೋಕೆ ಬರಲ್ಲ, ಮಾತಾಡೋಕೆ ಬರಲ್ಲ, ಮೀನು ಹಿಡಿಯೋಕಂತೂ ಬರೋದೇ ಇಲ್ಲ. ಆದ್ರೆ ಇವನು ಮುಚ್ಚಿದ ಸಂದು ಸೋರಿದ್ದನ್ನ ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿಲ್ಲ. ಅಂಥದ್ರಲ್ಲಿ ಮೂರು ಸಲ, ಒಂದೇ ಮೂಲೆ?"

ಬ್ರಿಟಾ ಅವನನ್ನೇ ನೋಡಿದಳು. ಸ್ಕ್ರೂಡ್ರೈವರ್ ಎತ್ತಿಕೊಂಡಳು.

ಬೇಸಿಗೆಯಿಡೀ ಕಲಿತಿದ್ದಳಲ್ಲ! ಮೂಲೆಯ ಅಲ್ಯೂಮಿನಿಯಂ ಪಟ್ಟಿಯ ತಿರುಪುಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದಳು. ಪಟ್ಟಿಯ ಕೆಳಗೆ ಉದ್ದಕ್ಕೂ ನೀರು ತಡೆಯುವ ಬೂದು ಬಣ್ಣದ ಮೆತ್ತನೆ ಪುಟ್ಟಿ, ಅಚ್ಚುಕಟ್ಟಾಗಿ. ಆದರೆ ಒಂದು ಕಡೆ...

ಒಂದು ಗೇಣು ಬರೀ ತಗಡು! ಒರೆಸಿ ಸ್ವಚ್ಛ ಮಾಡಿದ ತಗಡು. ಎರಡೂ ತುದಿಯಲ್ಲಿ ಪುಟ್ಟಿಯನ್ನು ಚಾಕುವಿನಿಂದ ನೇರವಾಗಿ ಕತ್ತರಿಸಲಾಗಿತ್ತು.

ಹಿಂದೆ ಹೆಜ್ಜೆ ಸದ್ದು. ಎಮೆಟ್ ನಿಂತಿದ್ದ.

"ಇದು ಮರೆತಿದ್ದಲ್ಲ," ಅಂದಳು. "ಅಲ್ವಾ?"

"ಅಲ್ಲ."

"ಯಾಕೆ?!"

"ಸೋರೋದು ನಿಂತರೆ ನೀವು ಹೊರಟುಹೋಗ್ತೀರಿ." ಅವನ ತಲೆ ತಗ್ಗಿತು. "ಅದೊಂದೇ ತಲೇಲಿತ್ತು. ಕೇಳೋಕೆ ಬಾಯಿ ಬರಲಿಲ್ಲ."

"ಆರು ವರ್ಷ ನಮ್ಮಮ್ಮನಿಗೆ ಸೋರ್ತಿಲ್ಲ ಅಂತ ಸುಳ್ಳು ಹೇಳಿದೆ ನಾನು. ಈಗ ನೀವು ನನಗೆ ಸೋರತ್ತೆ ಅಂತ ಸುಳ್ಳು ಹೇಳಿದ್ರಿ! ನನ್ನ ಕೈಯೇ ಪಾಪಿ ಅಂದ್ಕೊಂಡಿದ್ದೆ ಎಮೆಟ್. ಮೂರು ವಾರ... ಇಡೀ ಮೂರು ವಾರ!"

ಸ್ಕ್ರೂಡ್ರೈವರ್ ಬಿಸಾಕಿ ಅವಳು ಹೊರಟುಹೋದಳು.

ಎರಡು ದಿನ ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಿದ್ದಳು. ಕಾಗದವನ್ನು ಅಂಚೆಗೆ ಹಾಕಲಿಲ್ಲ, ಹರಿಯಲೂ ಇಲ್ಲ.

ಅಮ್ಮನ ಖಾಲಿ ಮಂಚ ನೋಡುತ್ತ ಒಂದು ಯೋಚನೆ ಬಂತು. ಆರು ವರ್ಷದಲ್ಲಿ ಅಮ್ಮ ಒಂದು ಸಲವೂ 'ನನ್ನ ಜೊತೆ ಇರ್ತೀಯಾ?' ಅಂತ ಕೇಳಿರಲಿಲ್ಲ. ಇರುತ್ತಾಳೆ ಅಂದುಕೊಂಡಿದ್ದಳು. ಬ್ರಿಟಾ ಇದ್ದಳು. ಕೇಳಿದ್ದರೂ ಇರುತ್ತಿದ್ದಳು, ಸಂತೋಷವಾಗಿ ಇರುತ್ತಿದ್ದಳು...

'ಎಲ್ಲರಿಗೂ ನಾನು ಬೇಕು. ಬಾಯಿಬಿಟ್ಟು ಕೇಳೋಕೆ ಮಾತ್ರ ಯಾರಿಗೂ ಆಗಲ್ಲ.'

ಮೂರನೇ ದಿನ ಮಧ್ಯಾಹ್ನ ಶೆಡ್ಡಿಗೆ ಬಂದಳು. ಎಮೆಟ್ ಪುಟ್ಟಿ ಸುರುಳಿ ಹಿಡಿದು ಅದೇ ಮೂಲೆಯ ಮುಂದೆ ನಿಂತಿದ್ದ. ಎರಡು ದಿನ ನಿದ್ದೆ ಮಾಡದ ಮುಖ.

"ಈಗ ಮುಚ್ಚಿಬಿಡ್ತೀನಿ. ಹೊರಡೋಕೆ ಇನ್ನೂ ಟೈಮಿದೆ ನಿಮಗೆ," ಅಂದ.

"ಕೊಡಿ ಇಲ್ಲಿ."

ಸುರುಳಿಯನ್ನು ಅವನ ಕೈಯಿಂದ ಕಿತ್ತುಕೊಂಡಳು. ಒಂದು ಗೇಣು ಅಳೆದು ಕತ್ತರಿಸಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದಳು. ಪಟ್ಟಿ ಇಟ್ಟು ತಿರುಪು ಬಿಗಿದಳು.

"ಒಳಗೆ ಹೋಗಿ. ನೀರು ಇವತ್ತು ನಾನು ಹೊಡೀತೀನಿ."

ಎಮೆಟ್ ಶಾಲೆಯ ಹುಡುಗನಂತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬ್ರಿಟಾ ಏಣಿ ಹತ್ತಿ ಪೈಪ್ ಬಿಟ್ಟಳು. ಮೂಲೆಯ ಮೇಲೆ ನೀರು ಭೋರ್ಗರೆಯಿತು. ತೋಳು ಸೋತು ಬರುವವರೆಗೂ ಪೈಪ್ ಸರಿಸಲಿಲ್ಲ.

"ಸೋರ್ತಿದೆಯಾ?"

"ಇಲ್ಲ!" ತಗಡಿನಾಚೆಯಿಂದ ಧ್ವನಿ ಬಂತು.

"ನಿಜ ಹೇಳಿ!"

"ನಿಜವಾಗ್ಲೂ ಇಲ್ಲ. ಒಂದು ಹನೀನೂ ಇಲ್ಲ ಬ್ರಿಟಾ."

"ಸರಿ. ಈಗ ಕೇಳಿ."

"ಏನು ಕೇಳಲಿ?"

"ಬೇಸಿಗೆಯಿಂದ ಕೇಳಬೇಕು ಅಂತಿದ್ದೀರಲ್ಲ, ಅದನ್ನ! ಮುಖ ನೋಡಬೇಡಿ ಪರವಾಗಿಲ್ಲ. ನಡುವೆ ಗೋಡೆ ಇದೆ, ಹೊಸಾ ಗೋಡೆ. ಧೈರ್ಯವಾಗಿ ಕೇಳಿ!"

ಬಹಳ ಹೊತ್ತು ನೀರಿನ ಸದ್ದು ಮಾತ್ರ. ಬ್ರಿಟಾ ಏಣಿಯ ಮೇಲಿಂದ ತಗಡಿನತ್ತ ಬಾಗಿದಳು. 'ಕೇಳದೇ ಹೋದರೆ? ಈ ಸಲವೂ...'

"ಹೋಗಬೇಡಿ ಅಂತ ಕೇಳಲ್ಲ," ಧ್ವನಿ ಒಡೆದು ಬಂತು. "ಅದು ತಪ್ಪು. ಆ ಬಿಸಿಲು ನಿಮಗೆ ಬೇಕು. ಆದ್ರೆ... ನಾನೂ ಬರಲಾ?"

ಪೈಪಿನ ನೀರು ನಿಲ್ಲಿಸುವುದನ್ನೇ ಅವಳು ಮರೆತಳು.

"ಬಾವಿ ಖಾಲಿ ಮಾಡ್ತೀರೇನ್ರೋ!" ಕುರ್ಚಿಯಿಂದ ಟೊಯಿವೊ ಅರಚಿದ. "ಹೂಂ ಅನ್ನು ಹುಡುಗಿ, ಇಲ್ಲಾ ನೀರಾದ್ರೂ ನಿಲ್ಲಿಸು! ನನ್ನ ಯೋಚನೆ ಬೇಡ, ಚಳಿಗಾಲಕ್ಕೆ ನಾನು ಮಗಳ ಮನೆಗೆ ಹೋಗೋನು. ಅಲ್ಲಿ ಟೀವಿ ದೊಡ್ಡದಿದೆ."

ಪೈಪ್ ಬಿಸಾಕಿ ಬ್ರಿಟಾ ಕೆಳಗಿಳಿದು ಬಾಗಿಲು ತೆರೆದಳು. ಎಮೆಟ್ ಒಣ ನೆಲದ ಮೇಲೆ ಕೂತಿದ್ದ. ಮಡಿಲಲ್ಲಿ ಟಾರ್ಚ್ ಇನ್ನೂ ಉರಿಯುತ್ತಿತ್ತು.

ಚೀಲದಿಂದ ಲಕೋಟೆ ತೆಗೆದು ಅವನ ಎದುರೇ ಎರಡು ತುಂಡು ಮಾಡಿದಳು.

"ಅರ್ಜೀಲಿ ಎರಡನೇ ಗೆರೆ ಖಾಲಿ ಬಿಟ್ಟಿದ್ದೆ," ಅಂದಳು. "ನಾಳೆ ಫೋನ್ ಮಾಡಿ ಒಂದು ಹೆಸರು ಸೇರಿಸಬೇಕು. ಟ್ರೈಲರ್ ಎಳೆಯೋಕೆ ಹೇಳಿದ್ದ ಬಾಡಿಗೆ ಟ್ರಕ್ಕೂ ಬೇಡ ಅನ್ನಬೇಕು."

"ನನ್ನ ಟ್ರಕ್ ಇದೆ," ಅಂದ ಎಮೆಟ್ ಅವಸರದಲ್ಲಿ. ಆಮೇಲೆ ಮೆಲ್ಲಗೆ, "ಕ್ಷಮಿಸ್ತೀರಾ?"

"ಇನ್ನೂ ಇಲ್ಲ. ಅರಿಝೋನಾ ದೂರ ಇದೆ, ದಾರೀಲಿ ನೋಡೋಣ. ಇನ್ನೊಂದ್ಸಲ ಏನಾದ್ರೂ ಬೇಕಾದ್ರೆ..."

"ಬಾಯಿಬಿಟ್ಟು ಕೇಳ್ತೀನಿ."

"ಮತ್ತೆ 'ನೀವು' ಅನ್ನಬೇಡ."

ಅವನ ಪಕ್ಕ ಕೂತಳು. ಒದ್ದೆ ತೋಳು ಅವನ ತೋಳಿಗೆ ತಾಗಿತು. ಹೊರಗೆ ಸೂರಿನಿಂದ ಇಳಿದ ನೀರು ಕೆಳಗಿನ ಅಂಚಿನಲ್ಲಿ ದಾರಿ ಹುಡುಕಿಕೊಂಡು ತೊಟ್ಟಿಕ್ಕುತ್ತಿತ್ತು.

"ಸುಸ್ತಾಗಿದೆಯಾ?" ಎಮೆಟ್ ಕೇಳಿದ.

"ತುಂಬಾ... ನಿಂಗೆ?"

"ನಂಗೂ." ಅಂಟು ಮೆತ್ತಿದ ಬೆರಳುಗಳು ಅವಳ ಬೆರಳುಗಳನ್ನು ಹುಡುಕಿಕೊಂಡವು. "ಸ್ವಲ್ಪ ಹೊತ್ತು ಹೀಗೇ ಕೂತಿರ್ತೀಯಾ?"

ಕೇಳಿದ್ದನಲ್ಲ!

"ಇರ್ತೀನಿ," ಅಂದಳು ಬ್ರಿಟಾ, ಅವನ ಭುಜಕ್ಕೆ ತಲೆಯಿಟ್ಟು.