ಅಪ್‌ಡೇಟ್ ಮಾಡಿದ್ರೆ ಹೋಯ್ತದೆ

ದೊಡ್ಡಗಂಗಮ್ಮನ ಹಾಡುಗಳು ಮಾಯವಾಗಿದ್ದವು.

ತುಮಕೂರಿನ ಸಿರಿಕಂಠ ಆಡಿಯೋ ಸ್ಟುಡಿಯೋದ ಬಾಗಿಲು ತೆಗೆದು, ಅಲ್ಲಿ ರೆಕಾರ್ಡಿಂಗ್ ಮಾಡುವ ಯಶಸ್ವಿನಿ ಎಂದಿನಂತೆ ಕಂಪ್ಯೂಟರ್ ಆನ್ ಮಾಡಿದಳು. ಪರದೆಯ ಮುಖವೇ ಬದಲಾಗಿತ್ತು. ಯಾರೋ ಅಪ್‌ಡೇಟ್ ಮಾಡಿದ್ದರು. ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆಯಲು ಹೋದರೆ, ಸೌಂಡ್ ಕಾರ್ಡ್ ಸಿಗುತ್ತಿಲ್ಲವೆಂದು ಬಂದು ಮುಚ್ಚಿಕೊಂಡಿತು. ದೊಡ್ಡಗಂಗಮ್ಮನ ಹಾಡುಗಳಿದ್ದ, 'ಹಾಗಲವಾಡಿ' ಎಂದು ತಾನೇ ಹೆಸರಿಟ್ಟಿದ್ದ ಫೋಲ್ಡರ್ ಹುಡುಕಿದಳು. ಇರಲಿಲ್ಲ. ರೀಸೈಕಲ್ ಬಿನ್ ನೋಡಿದಳು. ಅದೂ ಖಾಲಿ.

ತಿರುಗಿ ನೋಡಿದರೆ ಬಾಗಿಲಲ್ಲಿ ಸುಧಾ. ಸಿಡಿ ತೆಗೆದುಕೊಂಡು ಹೋಗಲು ಗುಬ್ಬಿಯಿಂದ ಮೊದಲ ಬಸ್ಸಿಗೇ ಬಂದಿದ್ದಳು.

ಸುಧಾ ದೊಡ್ಡಗಂಗಮ್ಮನ ಮೊಮ್ಮಗಳು. ಮುಂದಿನ ವಾರ ಅವಳ ಮದುವೆ. ಹಾಗಲವಾಡಿ ಸುತ್ತಮುತ್ತ ಮದುವೆಯೆಂದರೆ ದೊಡ್ಡಗಂಗಮ್ಮನ ಸೋಬಾನೆ ಪದ ಇರಲೇಬೇಕಿತ್ತು. ಆ ವರ್ಷ, ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ, ಅಜ್ಜಿ ಈ ಸ್ಟುಡಿಯೋಗೆ ಬಂದು ತನಗೆ ಬರುವ ಪದಗಳನ್ನೆಲ್ಲ ಹಾಡಿ ಹೋಗಿದ್ದಳು. ದಸರಾ ಹೊತ್ತಿಗೆ ಲಕ್ವ ಹೊಡೆಯಿತು. ಬಾಯಿ ಸೊಟ್ಟಗಾಯಿತು, ಮಾತು ಬಿದ್ದುಹೋಯಿತು. ಮೊಮ್ಮಗಳ ಅರಿಶಿನಕ್ಕೆ ಇನ್ನು ಹಾಡುವುದಾದರೆ ಆ ಕಂಪ್ಯೂಟರಿನೊಳಗಿನ ಅಜ್ಜಿಯೇ ಹಾಡಬೇಕಿತ್ತು.

ಸುಧಾ ಅಳಲಿಲ್ಲ. ಮಾಲೀಕ ಬರುವವರೆಗೆ ಕಾದು, ಅವನು ಹೇಳಿದ್ದನ್ನು ಕೇಳಿ, ಸೀದಾ ಪೊಲೀಸ್ ಠಾಣೆಗೆ ಹೋದಳು.

*

ಸಬ್ ಇನ್ಸ್‌ಪೆಕ್ಟರ್ ಅಡವಿಯಪ್ಪನಿಗೆ ಕಂಪ್ಯೂಟರ್ ಎಂದರೆ ಮೈಯೆಲ್ಲ ಉರಿ. ಠಾಣೆಗೆ ಕೊಟ್ಟಿದ್ದ ಕಂಪ್ಯೂಟರಿಗೆ ಅವನು ಟವೆಲ್ ಹೊದಿಸಿ ಮೇಲೊಂದು ನೀರಿನ ಜಗ್ ಇಟ್ಟಿದ್ದ.

"ಯಾರ್ ಮ್ಯಾಲಮ್ಮ ಕಂಪ್ಲೇಂಟು?"

"ಗೊತ್ತಿಲ್ಲ ಸಾರ್. ಓನರ್‌ನ ಕೇಳಿದ್ರೆ, ಅಪ್‌ಡೇಟ್ ಆಗಿ ಹಾಡೆಲ್ಲ ಹೋಯ್ತು ಅಂತಾರೆ."

"ಈ ಅಪ್‌ಡೇಟ್ ಅನ್ನೋನು ಯಾವೂರೋನು? ಯಾವನನ್ನ ಎಳ್ಕಂಡು ಬರ್ಲಿ ನಾನು?"

ಸುಧಾ ಎದ್ದು ಹೋಗಲಿಲ್ಲ. ಬೆಂಚಿನ ಮೇಲೆ ಹಾಗೇ ಕೂತಳು. ಅಡವಿಯಪ್ಪ ಫ್ಯಾನ್ ನೋಡಿದ, ಗೋಡೆ ನೋಡಿದ. ಕಡೆಗೆ ಗೊಣಗುತ್ತಾ ಟೋಪಿ ಎತ್ತಿಕೊಂಡ.

*

ಸ್ಟುಡಿಯೋ ಮಾಲೀಕ ವೆಂಕಟರಂಗಯ್ಯ ಚಿನ್ನದ ಫ್ರೇಮಿನ ಕನ್ನಡಕದ ದೊಡ್ಡ ಮನುಷ್ಯ. ಅಡವಿಯಪ್ಪನಿಗೆ ಕುರ್ಚಿ ಹಾಕಿಸಿ, ಕಾಫಿ ತರಿಸಿ, ಆಮೇಲೆ ಕಣ್ಣೊರೆಸಿಕೊಂಡ.

"ಒಂದು ವರ್ಷದಿಂದ ಇದೇ ಗಲಾಟೆ ಸಾರ್. ರಿಪೇರಿಗೆ ಬರೋ ಕಾಂತೇಶ್, ಅಪ್‌ಡೇಟ್ ಮಾಡ್ಲಿಲ್ಲ ಅಂದ್ರೆ ವೈರಸ್ ನುಗ್ತದೆ ಅಂತಾನೆ. ಈ ಯಶಸ್ವಿನಿ, ಮಾಡಿದ್ರೆ ರೆಕಾರ್ಡಿಂಗ್ ಹೋಯ್ತದೆ ಅಂತಾಳೆ. ಇಬ್ರ ಮಧ್ಯ ನಾನು ಅಡಕತ್ರೀಲಿ ಸಿಕ್ಕಿದ ಅಡಕೆ."

"ನಿನ್ನೆ ಯಾರು ಮಾಡಿದ್ದು?"

"ಯಾರೂ ಮಾಡ್ಲಿಲ್ಲ ಸಾರ್! ಈ ಹುಡುಗಿ ಸಂಜೆ ಕುಣಿಗಲ್ ಬಸ್ಸು ಅಂತ ಓಡಿದ್ಲು. ನಾನು ಮೇಲ್ ನೋಡಾಣ ಅಂತ ನೆಟ್ ಹಾಕ್ದೆ. ಅದ್ರ ಪಾಡಿಗೆ ಅದೇ ಅಪ್‌ಡೇಟ್ ಶುರು ಹಚ್ಕಂಡ್ತು. ಮಧ್ಯ ನಿಲ್ಸಿದ್ರೆ ಇನ್ನೂ ಕೆಡ್ತದೆ ಅಂತ ಕೈ ಹಚ್ಲಿಲ್ಲ. ಅಂಗಡಿ ಮುಚ್ಚೋವರ್ಗೂ ನೆಟ್ ಓಡ್ತಾನೇ ಇತ್ತು. ಎಲ್ಲಾ ಆ ಕಾಂತೇಶ್ ಕಿತಾಪತಿ. ಏನೋ ಸೆಟ್ ಮಾಡಿಟ್ಟು ಹೋಗವ್ನೆ."

ಅಡವಿಯಪ್ಪ ಯಶಸ್ವಿನಿಯ ಕಡೆ ತಿರುಗಿದ. "ಇನ್ನೇನೇನು ಹೋಗೈತಮ್ಮ?"

"ಇನ್ನೇನೂ ಹೋಗಿಲ್ಲ ಸಾರ್. ಕುಣಿಗಲ್ ಬಟ್ಟೆ ಅಂಗಡಿ ಜಾಹೀರಾತು, ಶನಿವಾರದ ಭಜನೆ, ಎಲ್ಲಾ ಹಂಗೇ ಅವೆ. ಸೌಂಡ್ ಇಲ್ಲ, ಅದಕ್ಕೆ ಕೇಳಿಸಲ್ಲ ಅಷ್ಟೆ. ಅಜ್ಜಿ ಫೋಲ್ಡರ್ ಒಂದೇ ಇಲ್ಲ."

"ಹಂಗಾದ್ರೆ ಅಪ್‌ಡೇಟ್‌ಗೆ ಸೋಬಾನೆ ಪದಾನೇ ರುಚಿ ಅನ್ನು."

ವೆಂಕಟರಂಗಯ್ಯ ದನಿ ತಗ್ಗಿಸಿದ. "ಸಾರ್, ಹೇಳಬಾರ್ದು. ಈ ಹುಡುಗಿ ಆಗಾಗ ಸಿಡಿಗಳ್ನ ಮನೆಗೆ ತಗಂಡೋಗ್ತಾಳೆ. ಏನು ಎತ್ತ ನಾ ಕೇಳಿಲ್ಲ."



*

ಮೊದಲು ಗುಬ್ಬಿ. ಬಸ್ ನಿಲ್ದಾಣದ ಹತ್ತಿರ ಕಾಂತೇಶನ ಅಂಗಡಿ. ಹೊಟ್ಟೆ ಬಗೆದ ಕಂಪ್ಯೂಟರುಗಳ ನಡುವೆ ಅವನು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಕೂತಿದ್ದ. ಪೊಲೀಸರನ್ನು ಕಂಡು ಹೆದರುವ ಬದಲು ರೇಗಿದ.

"ತಾನಾಗೇ ಹೆಂಗೆ ಆಯ್ತದೆ ಸಾರ್? ಆ ಯಶಸ್ವಿನಿ ಕಾಟಕ್ಕೆ ಆಟೋಮ್ಯಾಟಿಕ್ ಅಪ್‌ಡೇಟ್ ನಾನೇ ಆಫ್ ಮಾಡಿದೀನಿ. ಅಪ್‌ಡೇಟ್ ಇರೋ ಸಿಡೀನ ಓನರ್ ಕೈಗೆ ಕೊಟ್ಟು ಬಂದಿದೀನಿ. ಇವ್ಳು ಒಪ್ಪಿದಾಗ ಹೇಳಿ, ಬಂದು ಹಾಕ್ಕೊಡ್ತೀನಿ ಅಂದಿದ್ದೆ."

"ಮಾಡಿದ್ರೆ ಹೋಯ್ತದೆ ಅಂತಾಳಲ್ಲಯ್ಯ ಅವ್ಳು?"

"ಏನೂ ಹೋಗಲ್ಲ ಸಾರ್! ಬಾಗಿಲು ತೆಗ್ದಿಟ್ಕಂಡು ಮಲಗ್ತಾರೆ, ಕಳ್ಳ ಬಂದ ಅಂತಾರೆ. ಈಚೆಗೆ ಬರೋ ವೈರಸ್ಸು ಎಂಥವು ಗೊತ್ತಾ? ನೆಟ್ ಹಾಕಿದ್ರೆ ಸಾಕು, ತಾವೇ ಬಂದು ಕೂತ್ಕತವೆ."

"ನೀನು ಹೋಗಲ್ಲ ಅಂತೀಯ, ಅವ್ಳು ಹೋಯ್ತದೆ ಅಂತಾಳೆ. ಇಬ್ರಲ್ಲಿ ಯಾರ್ಲಾ ಸುಳ್ಳು ಹೇಳ್ತಿರೋದು?"

"ನಾನಂತೂ ಅಲ್ಲ ಸಾರ್."

ಜೀಪು ಹತ್ತುವಾಗ ಅಡವಿಯಪ್ಪನಿಗೆ ತಲೆ ಸಿಡಿಯುತ್ತಿತ್ತು. ಅಪ್‌ಡೇಟ್ ಮಾಡಿದರೆ ಕಷ್ಟ, ಬಿಟ್ಟರೆ ಕಷ್ಟ. ಇಂಥದ್ದನ್ನು ದುಡ್ಡು ಕೊಟ್ಟು ತಂದು, ಮಂಗಳಾರತಿ ಎತ್ತಿ, ಕುಂಕುಮ ಬೇರೆ ಹಚ್ಚುತ್ತಾರೆ. ಜನಕ್ಕೆ ಮಾಡಲು ಬೇರೆ ಕೆಲಸವಿಲ್ಲವೆಂದುಕೊಂಡ.

*

ಆಮೇಲೆ ಕುಣಿಗಲ್. ಯಶಸ್ವಿನಿಯನ್ನೇ ಜೀಪಿನಲ್ಲಿ ಕೂರಿಸಿಕೊಂಡು ಅವಳ ಮನೆಗೆ ಹೋದ. ಜೀಪು ನಿಂತ ಕೂಡಲೇ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಅವಳ ತಾಯಿ ಬಾಗಿಲಿಗೆ ಓಡಿ ಬಂದರು. ಮಗಳ ಸಂಬಳದಲ್ಲೇ ನಡೆಯುವ ಮನೆ. ಪೊಲೀಸ್ ಜೀಪಿನಲ್ಲಿ ಬಂದಿಳಿದ ಹುಡುಗಿಗೆ ನಾಳೆ ಯಾರು ಕೆಲಸ ಕೊಡುತ್ತಾರೆ? ಅಡವಿಯಪ್ಪನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅವಳನ್ನು ಬಸ್ಸಿನಲ್ಲಿ ಬರಹೇಳಬಹುದಿತ್ತು.

ಸಿಡಿಗಳು ಸಿಕ್ಕವು. ದಿಂಬಿನ ಕವರಿನಲ್ಲಿ ಸುತ್ತಿಟ್ಟಿದ್ದಳು.

"ಏನಮ್ಮ ಇದು?"

"ಸೌಂಡ್ ಕಾರ್ಡ್ ಜೊತೆ ಬಂದಿದ್ದ ಸಿಡಿ ಸಾರ್. ಇವಿಲ್ದಿದ್ರೆ ಆ ಕಾರ್ಡು ಕೆಲಸ ಮಾಡಲ್ಲ. ಕಂಪ್ನಿಯೋರು ಅದ್ನ ಮಾಡೋದೇ ನಿಲ್ಸವ್ರೆ. ಓನರ್, ಹಳೇದು ಅಂತ ಗುಜರಿಗೆ ಹಾಕಕ್ಕೆ ಹೋಗಿದ್ರು. ಅದಕ್ಕೆ ತಂದಿಟ್ಕಂಡೆ."

ಅಡವಿಯಪ್ಪ ಜಗಲಿಯ ಮೇಲೆ ಕೂತುಬಿಟ್ಟ. "ನೋಡಮ್ಮ, ನಂಗೆ ತಲೆ ಕೆಟ್ಟೈತೆ. ಮಾಡಿದ್ರೆ ಹೋಯ್ತದೆ, ಹೋಯ್ತದೆ ಅಂತ ವರ್ಷದಿಂದ ಬಡ್ಕಂಡಿದೀಯ. ಏನ್ ಹೋಯ್ತದೆ? ಬಿಡ್ಸಿ ಹೇಳು."

"ರೆಕಾರ್ಡಿಂಗ್ ಹೋಯ್ತದೆ ಸಾರ್. ಅಂದ್ರೆ ರೆಕಾರ್ಡ್ ಮಾಡಕ್ಕೆ ಆಗಲ್ಲ. ಹಳೇ ಕಾರ್ಡನ್ನ ಹೊಸ ಅಪ್‌ಡೇಟ್ ಒಪ್ಪಲ್ಲ."

"ಮತ್ತೆ ಹಾಡು?"

"ಹಾಡೆಲ್ಲಿ ಹೋಗ್ತವೆ ಸಾರ್? ಬಲ್ಬು ಹೋಯ್ತು ಅಂತೀವಿ. ಬಲ್ಬೇನು ಎದ್ದು ಹೋಯ್ತದಾ? ಹೋಲ್ಡರಲ್ಲೇ ಇರ್ತದೆ."

ಅಡವಿಯಪ್ಪ ಎದ್ದು ನಿಂತು ಅವಳ ತಾಯಿಗೆ, ಬೀದಿಗೆಲ್ಲ ಕೇಳುವ ಹಾಗೆ ಜೋರಾಗಿ ಹೇಳಿದ: "ನಿಮ್ಮ ಮಗಳದೇನೂ ತಪ್ಪಿಲ್ಲ ಕಣಮ್ಮ. ಸಾಕ್ಷಿ ಹೇಳಕ್ಕೆ ಕರ್ಕಂಡೋಗ್ತಾ ಇದೀನಿ. ಒಂದು ಲೋಟ ನೀರು ಕೊಡಿ."

*

ಮಧ್ಯಾಹ್ನ ಸ್ಟುಡಿಯೋದಲ್ಲಿ ಎಲ್ಲರೂ ಸೇರಿದರು. ಸುಧಾ, ಯಶಸ್ವಿನಿ, ಗುಬ್ಬಿಯಿಂದ ಬಂದ ಕಾಂತೇಶ್. ವೆಂಕಟರಂಗಯ್ಯ ಮತ್ತೆ ಕಾಫಿ ತರಿಸಿದ. ಅಡವಿಯಪ್ಪ ಮುಟ್ಟಲಿಲ್ಲ.

"ಯಜಮಾನ್ರೇ, ನಾನು ದಡ್ಡ. ನೀವೇ ಹೇಳಿ. ಅಪ್‌ಡೇಟ್ ಮಾಡಿದ್ರೆ ಏನಾಯ್ತದೆ?"

"ಒಳಗಿರೋ ಹಾಡೆಲ್ಲ ಅಳಿಸಿ ಹೋಯ್ತವೆ ಸಾರ್. ಇವಳೇ ವರ್ಷದಿಂದ ಬಡ್ಕಂಡವ್ಳಲ್ಲ, ರೆಕಾರ್ಡಿಂಗ್ ಹೋಯ್ತದೆ ಅಂತ."

ಕಾಂತೇಶನೂ ಯಶಸ್ವಿನಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ಷದಲ್ಲಿ ಮೊದಲ ಸಲ ಇಬ್ಬರದೂ ಒಂದೇ ಮುಖಭಾವ.

"ಸರಿ. ನಿನ್ನೆ ಸಂಜೆ ಈ ಸುಧಾ ಫೋನ್ ಮಾಡಿದ್ಲಂತೆ?"

ವೆಂಕಟರಂಗಯ್ಯ ಹುರುಪಿನಿಂದ ಮುಂದೆ ಬಾಗಿದ. "ಹೂಂ ಸಾರ್, ನಾನೇ ಎತ್ತಿದ್ದು. ಅಂಗಡಿ ಮುಚ್ಚೋ ಹೊತ್ತು. ಬೆಳಗ್ಗೆ ಬಾ ಮಗಾ, ಸಿಡಿ ಮಾಡ್ಸಿ ಕೊಡ್ತೀನಿ ಅಂದೆ. ನನ್ನ ಮನಸ್ಸಲ್ಲಿ ಕಳ್ಳತನ ಇದ್ದಿದ್ರೆ ಹಂಗಂತಿದ್ನಾ?"

"ಹೌದು ಸಾರ್," ಎಂದಳು ಸುಧಾ. "ಬೂತಿಂದ ಮಾಡಿದ್ದೆ. ಒಂದೇ ಸಲಕ್ಕೆ ರಿಂಗಾಯ್ತು."

"ಇಲ್ಲಿ ಎಷ್ಟು ಲೈನ್ ಅವೆ ಯಜಮಾನ್ರೇ?"

"ಒಂದೇ ಸಾರ್."

ಮೊದಲು ನಕ್ಕವನು ಕಾಂತೇಶ್. ತಡೆದುಕೊಳ್ಳಲು ನೋಡಿದ, ಆಗಲಿಲ್ಲ.

"ನೆಟ್ಟೂ ಅದೇ ಲೈನಲ್ಲಿ ತಾನೇ?" ಎಂದ ಅಡವಿಯಪ್ಪ. "ನೆಟ್ ಓಡ್ತಿದ್ರೆ ಫೋನು ಕುಯ್ ಕುಯ್ ಅಂತ ಎಂಗೇಜ್ ಬರ್ತದೆ. ಅಷ್ಟು ನಂಗೂ ಗೊತ್ತು. ನನ್ನ ಮಗ ನೆಟ್ ಮುಂದೆ ಕೂತ್ರೆ ಠಾಣೆಯಿಂದ ನಮ್ಮನೆಗೆ ಒಂದು ಫೋನ್ ಹೋಗಕಿಲ್ಲ. ಅಂಗಡಿ ಮುಚ್ಚೋವರ್ಗೂ ನೆಟ್ ಓಡ್ತಿತ್ತು ಅಂದ್ರಿ. ಅದೇ ಹೊತ್ತಲ್ಲಿ ರಿಂಗಾದ ಫೋನ್ ಎತ್ತಿದೆ ಅಂತ್ಲೂ ಅಂದ್ರಿ. ಯಾವ್ದು ಸುಳ್ಳು?"

ವೆಂಕಟರಂಗಯ್ಯ ಕಾಫಿ ಲೋಟ ಕೆಳಗಿಟ್ಟು ಬಾಗಿಲ ಕಡೆ ನೋಡಿದ.

"ನೆಟ್ಟೇ ಇರ್ಲಿಲ್ಲ," ಎಂದ ಅಡವಿಯಪ್ಪ. "ಹಂಗಾದ್ರೆ ಅಪ್‌ಡೇಟ್ ಬಂದಿದ್ದೆಲ್ಲಿಂದ? ಕಾಂತೇಶ್ ಕೊಟ್ಟ ಸಿಡಿಯಿಂದ. ಅದು ಇದ್ದಿದ್ದು ನಿಮ್ಮ ಕೈಲಿ. ಸಿಡಿ ತಾನಾಗಿ ನಡ್ಕಂಡು ಹೋಗಿ ಕಂಪ್ಯೂಟರೊಳಗೆ ಮಲಗ್ತದಾ? ನೀವೇ ಹಾಕಿದ್ರಿ."

"ಸರಿ ಸಾರ್, ನಾನೇ ಹಾಕ್ದೆ. ಬಯ್ತಾರೆ ಅಂತ ಸುಳ್ಳು ಹೇಳ್ದೆ. ಅದ್ರಿಂದ ಹಾಡು ಹೋದ್ರೆ ನಾನೇನ್ ಮಾಡ್ಲಿ?"

"ಅಲ್ಲೇ ಸಿಕ್ಕಾಕ್ಕೊಂಡಿದ್ದು ನೀವು. ಅಪ್‌ಡೇಟ್ ಮಾಡಿದ್ರೆ ಹಾಡು ಹೋಗಲ್ಲ. ಇವ್ಳು ರೆಕಾರ್ಡಿಂಗ್ ಹೋಯ್ತದೆ ಅಂದಿದ್ದು, ಮಾಡೋ ಕೆಲಸ ಕೆಡ್ತದೆ ಅಂತ. ನಿಮ್ಮ ಕಿವಿಗೆ ಬಿದ್ದಿದ್ದು, ಮಾಡಿಟ್ಟ ಹಾಡು ಅಳ್ಸೋಯ್ತದೆ ಅಂತ. ಇವ್ಳೇ ಕದ್ದಿದ್ರೆ, ಇಲ್ಲ ಈ ಕಾಂತೇಶನೇ ಕದ್ದಿದ್ರೆ, ತಪ್ಪನ್ನ ಅಪ್‌ಡೇಟ್ ಮ್ಯಾಲೆ ಹೊರಿಸ್ತಿರ್ಲಿಲ್ಲ. ಅದು ಹಾಡು ಅಳ್ಸಲ್ಲ ಅಂತ ಇಬ್ರಿಗೂ ಗೊತ್ತು. ಅಳ್ಸ್ತದೆ ಅಂತ ನಂಬಿದ್ದೋರು ಈ ಸ್ಟುಡಿಯೋದಲ್ಲಿ ನೀವೊಬ್ರೇ. ಅಪ್‌ಡೇಟ್ ಹಾಕಿದ್ರಿ, ನೋಡಿದ್ರೆ ಹಾಡು ಹಂಗೇ ಕೂತವೆ. ಇನ್ನೇನು ಮಾಡೋದು, ಕೈಯಾರೆ ಅಳಿಸಿದ್ರಿ. ಭಜನೆ ಮಾತ್ರ ಅಳ್ಸದೆ ಬಿಟ್ರಿ. ಸೌಂಡೇ ಇಲ್ಲ, ಯಾರು ನೋಡ್ತಾರೆ ಅಂದ್ಕಂಡ್ರಿ."

"ಯಾಕ್ ಸಾರ್?" ಎಂದಳು ಸುಧಾ. "ನಮ್ಮಜ್ಜಿ ಇವ್ರಿಗೇನ್ ಮಾಡಿದ್ಲು?"

ವೆಂಕಟರಂಗಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಬೆಂಗಳೂರಿನ ಕ್ಯಾಸೆಟ್ ಕಂಪನಿಯೊಂದು ಆ ಹಾಡುಗಳನ್ನು ಕೊಳ್ಳಲು ಮುಂದೆ ಬಂದಿತ್ತು. ತಮ್ಮೊಬ್ಬರ ಹತ್ತಿರವೇ ಇರಬೇಕು, ಬೇರೆ ಯಾರಲ್ಲೂ ಒಂದು ಕಾಪಿಯೂ ಇರಬಾರದು ಎಂಬುದು ಅವರ ಕರಾರು. ದೊಡ್ಡಗಂಗಮ್ಮ ಮಾತು ಹೋಗುವ ಮೊದಲೇ ಹೇಳಿದ್ದಳು, ಸೋಬಾನೆ ಪದ ಮಾರುವುದಲ್ಲ ಎಂದು.

"ಆಕೆಗೆ ಬಾಯೇ ಬಿದ್ದೋಗೈತೆ ಸಾರ್," ಎಂದು ಅವನು ನೆಲ ನೋಡುತ್ತಾ ಹೇಳಿದ. "ಯಾರು ಬಂದು ಕೇಳ್ತಾರೆ ಅಂದ್ಕಂಡೆ."

ಅಡವಿಯಪ್ಪನ ಕೈ ಮೇಲೆದ್ದಿತ್ತು. ಹೆಣ್ಣುಮಕ್ಕಳು ಇದ್ದಾರೆಂದು ಇಳಿಸಿದ. ಹಾಡುಗಳ ಸಿಡಿ ವೆಂಕಟರಂಗಯ್ಯನ ಮನೆಯ ದೇವರ ಕೋಣೆಯಲ್ಲಿ ಪಟದ ಹಿಂದೆ ಸಿಕ್ಕಿತು. ಕಂಪನಿಯವರು ಇನ್ನೂ ಬಂದಿರಲಿಲ್ಲ.

*

ಇಷ್ಟಕ್ಕೇ ಮುಗಿಯಿತೆಂದುಕೊಂಡರೆ, ಅದೂ ಇಲ್ಲ. ಹಾಡುಗಳು ಹಳೆಯ ಸಾಫ್ಟ್‌ವೇರಿಗಷ್ಟೇ ಅರ್ಥವಾಗುವ ರೂಪದಲ್ಲಿದ್ದವು. ಅಪ್‌ಡೇಟ್ ಆದ ಕಂಪ್ಯೂಟರಿನಲ್ಲಿ ಆ ಸಾಫ್ಟ್‌ವೇರ್ ತೆರೆಯುತ್ತಿರಲಿಲ್ಲ. ಅಡವಿಯಪ್ಪ ತಲೆ ಚಚ್ಚಿಕೊಂಡ.

ಯಶಸ್ವಿನಿ ದಿಂಬಿನ ಕವರ್ ಬಿಚ್ಚಿದಳು. ಕಾಂತೇಶ್ ಪಕ್ಕದಲ್ಲಿ ಕೂತ. ಅಪ್‌ಡೇಟ್ ತೆಗೆದರು, ಹಳೆಯದನ್ನೆಲ್ಲ ಮತ್ತೆ ಹಾಕಿದರು. ಕಡೆಗೆ ಕಾಂತೇಶ್ ಮೋಡೆಮ್ ಬಿಚ್ಚಿ ತನ್ನ ಬ್ಯಾಗಿಗೆ ಹಾಕಿಕೊಂಡ.

"ಇದ್ಕೆ ನೆಟ್ ಬ್ಯಾಡ. ಅಪ್‌ಡೇಟೂ ಬ್ಯಾಡ. ಮೇಲ್ ನೋಡೋರು ಸೈಬರ್ ಸೆಂಟರ್‌ಗೆ ಹೋಗ್ಲಿ."

"ಇದ್ನ ವರ್ಷದ ಹಿಂದೆನೇ ಹೇಳಿದ್ದೆ ನಾನು," ಎಂದಳು ಯಶಸ್ವಿನಿ.

"ಎಲ್ಲಿ ಹೇಳಿದ್ದೆ? ಹೋಯ್ತದೆ, ಹೋಯ್ತದೆ ಅಂತಿದ್ದೆ ಅಷ್ಟೆ."

"ನೀವಿಬ್ರೂ ಬಾಯ್ ಮುಚ್ಚಿದ್ರೆ ನಿಮ್ಮ ಕಾಲಿಗೆ ಬೀಳ್ತೀನಿ," ಎಂದ ಅಡವಿಯಪ್ಪ.

ಅವರು ಬಾಯಿ ಮುಚ್ಚಿದರು. ಸ್ಪೀಕರಿನಲ್ಲಿ ದೊಡ್ಡಗಂಗಮ್ಮ ಹಾಡಿದಳು.

*

ಸುಧಾಳ ಅರಿಶಿನಕ್ಕೆ ಗುಬ್ಬಿಯ ಅವರ ಮನೆಯ ಮುಂದೆ ಚಪ್ಪರ ಹಾಕಿದ್ದರು. ಅಡವಿಯಪ್ಪ ಅದೇ ದಾರಿಯಲ್ಲಿ ಹೋಗುತ್ತಿದ್ದೆ ಎಂದು ಸುಳ್ಳು ಹೇಳಿ ಹಿಂದೆ ನಿಂತಿದ್ದ. ಅಜ್ಜಿಯನ್ನು ಹಾಗಲವಾಡಿಯಿಂದ ಕರೆತಂದು ಕುರ್ಚಿಯಲ್ಲಿ ಕೂರಿಸಿದ್ದರು. ಯಶಸ್ವಿನಿ ಸಿಡಿ ಹಾಕಿದಳು.

ಚಪ್ಪರದ ತುಂಬ ಅಜ್ಜಿಯ ದನಿ. ಒಂದು ಸಾಲು ಹಾಡಿ ನಿಂತಿತು.

ಸೋಬಾನೆ ಹಾಡುವ ರೀತಿಯೇ ಅದು. ಒಬ್ಬಳು ಮುಂದೆ ಹೇಳುತ್ತಾಳೆ, ಉಳಿದವರು ಹಿಂದೆ ಹೇಳುತ್ತಾರೆ. ಸ್ಟುಡಿಯೋದಲ್ಲಿ ಒಬ್ಬಳೇ ಹಾಡುವಾಗಲೂ ದೊಡ್ಡಗಂಗಮ್ಮ ಅಭ್ಯಾಸದಂತೆ ಹಿಂದಿನವರಿಗೆ ಜಾಗ ಬಿಟ್ಟು ಹಾಡಿದ್ದಳು. ಆ ಜಾಗ ಈಗ ಖಾಲಿ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಡಬ್ಬದ ಎದುರು ಹಾಡುವುದಕ್ಕೆ ನಾಚಿಕೆ. ಎರಡನೆಯ ಸಾಲು ಬಂತು, ನಿಂತಿತು. ಯಾರೂ ಬಾಯಿ ಬಿಡಲಿಲ್ಲ.

ಮೂರನೆಯ ಸಾಲಿಗೆ ಕುರ್ಚಿಯಿಂದ ಒಂದು ದನಿ ಎದ್ದಿತು. ಮಾತು ಒಂದೂ ತಿಳಿಯುತ್ತಿರಲಿಲ್ಲ. ಸೊಟ್ಟ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಆದರೆ ಧಾಟಿ ಒಂದಿಷ್ಟೂ ತಪ್ಪಿರಲಿಲ್ಲ. ಸುಧಾ ಅರಿಶಿನದ ಮುಖದಲ್ಲೇ ಅತ್ತುಬಿಟ್ಟಳು. ಆಮೇಲೆ ಒಬ್ಬಳು, ಇನ್ನೊಬ್ಬಳು, ಕಡೆಗೆ ಚಪ್ಪರದ ಹೆಂಗಸರೆಲ್ಲ ದನಿಗೂಡಿಸಿದರು.

ಅಷ್ಟೊಂದು ಮದುವೆಗಳಲ್ಲಿ ಯಾವತ್ತೂ ಮುಂದೆಯೇ ಹೇಳಿದ್ದ ದೊಡ್ಡಗಂಗಮ್ಮ, ಅವತ್ತು ಮೊದಲ ಸಲ ತನ್ನ ಹಿಂದೆ ತಾನೇ ಹಾಡಿದಳು.